ಗಿರಣಿಯ ಸದ್ದು, ಬೀಸುಕಲ್ಲಿನ ಪದ

ಇಂಡಸ್ಟ್ರಿಯಲ್ ಮ್ಯೂಸಿಕ್ ಎಂಬ ಹೆಸರು ಕೇಳಿದ ಕೂಡಲೇ ಅದು ಕಾರ್ಖಾನೆಯ ಕೆಲಸಗಾರರು ಹಾಡಿಕೊಂಡ ಸಂಗೀತವಿರಬೇಕು ಅನ್ನಿಸುತ್ತದೆ. ಹಾಗಲ್ಲ. ಆ ಹೆಸರನ್ನು ಚಾಲ್ತಿಗೆ ತಂದವರು ಇಂಗ್ಲೆಂಡಿನ ನಾಲ್ವರು ಕಲಾವಿದರು: ಜೆನೆಸಿಸ್ ಪಿ-ಆರಿಡ್ಜ್, ಕೋಸಿ ಫಾನಿ ಟುಟಿ, ಪೀಟರ್ ಕ್ರಿಸ್ಟೋಫರ್‌ಸನ್, ಕ್ರಿಸ್ ಕಾರ್ಟರ್. 1975ರಲ್ಲಿ ಅವರು ಥ್ರಾಬಿಂಗ್ ಗ್ರಿಸಲ್ ಎಂಬ ತಂಡ ಕಟ್ಟಿದರು. ಮರುವರ್ಷ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಸ್ವಂತ ಕಂಪನಿ ತೆರೆದರು. ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಹಳೆಯ ಕಾರ್ಖಾನೆಯೊಂದರ ನೆಲಮಾಳಿಗೆ ಅವರ ತಾಲೀಮಿನ ಜಾಗವಾಗಿತ್ತು. 1977ರ ಮೊದಲ ಧ್ವನಿಮುದ್ರಿಕೆಗೆ ಅವರು ಇಟ್ಟ ಹೆಸರಿನ ಅರ್ಥ 'ಎರಡನೆಯ ವಾರ್ಷಿಕ ವರದಿ'. ಬಂಡಾಯದ ಮಾತಾಡುವ ರಾಕ್ ಸಂಗೀತ ಕೂಡ ಕಾರ್ಖಾನೆಯ ಮಾಲಿನಂತೆಯೇ ಮಾರಾಟವಾಗುತ್ತಿದೆ, ನಾವಾದರೂ ಬಾಯಿಬಿಟ್ಟು ಕಾರ್ಖಾನೆ ಅಂತಲೇ ಹೇಳಿಕೊಳ್ಳೋಣ ಎಂಬ ಕುಹಕ ಆ ಹೆಸರಿನಲ್ಲಿತ್ತು.

ಬೀಸುವ ಪದ, ಕುಟ್ಟುವ ಪದಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವ ನನಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಬೆಂಗಳೂರಿನಲ್ಲಿ ಸಿನಿಮಾಗಳಿಗೆ ಸದ್ದು ಕೂಡಿಸುವ ಕೆಲಸ ಮಾಡುವ ಗೆಳತಿಯೊಬ್ಬಳು ಎರಡು ವರ್ಷದ ಹಿಂದೆ ಒಂದಿಷ್ಟು ಹಾಡುಗಳನ್ನು ಕಳಿಸಿ, "ನಿನ್ನ ಸಂಶೋಧನೆಗೆ ಉಪಯೋಗಕ್ಕೆ ಬರ್ತಾವೇನೋ ನೋಡು" ಅಂದಿದ್ದಳು. ತಿಕೋಟಾದಿಂದ ತೊರವಿಗೆ ಹೋಗುವ ಬಸ್ಸಿನಲ್ಲಿ ಇಯರ್‌ಫೋನು ಹಾಕಿಕೊಂಡು ಕೇಳಿದೆ. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು, ಪಟ್ಟಾ ತಿರುಗುವಂಥ ಒಂದೇ ಸಮನೆಯ ಗುಂಯ್‌ಗುಡುವಿಕೆ, ಅದರ ಹಿಂದೆ ಎಲ್ಲೋ ಮುಳುಗಿದಂತೆ ಒಂದು ಮನುಷ್ಯನ ದನಿ. ಬೇರೆಯವರಿಗೆ ಅದು ವಿಚಿತ್ರವಾಗಿ ಕೇಳಿಸಬಹುದು. ನನಗೆ ನಮ್ಮ ಮನೆ ನೆನಪಾಯಿತು.

ನಮ್ಮದು ಹಿಟ್ಟಿನ ಗಿರಣಿಯ ಮನೆ. ಅಜ್ಜ ಹಾಕಿದ್ದು ಆಯಿಲ್ ಇಂಜಿನ್ನಿನ ಗಿರಣಿ. ಅದರ ಹೊಗೆ ಕೊಳವೆಯ ತುದಿಗೆ ಒಂದು ತಗಡಿನ ಡಬ್ಬಿ ಕಟ್ಟಿದ್ದರಂತೆ. ಇಂಜಿನ್ನು ಶುರುವಾದರೆ ಡಬ್ಬಿ ಟುಕ್ ಟುಕ್ ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಆ ಸದ್ದು ಕೇಳಿ ಹೆಂಗಸರು ಜೋಳದ ಬುಟ್ಟಿ ಹೊತ್ತು ಬರುತ್ತಿದ್ದರು. ಕರೆಂಟು ಬಂದ ಮೇಲೆ ಅಪ್ಪ ಮೋಟಾರು ಕೂಡಿಸಿದ. ಡಬ್ಬಿಯ ಕೂಗು ನಿಂತಿತು, ಕಲ್ಲಿನ ಸದ್ದು ಉಳಿಯಿತು. ನಾನು ಹುಟ್ಟಿದ್ದು, ಓದಿದ್ದು, ನಿದ್ದೆ ಮಾಡಿದ್ದು ಎಲ್ಲ ಆ ಸದ್ದಿನ ಗೋಡೆಯಾಚೆ. ನನ್ನ ಶಾಲೆ, ಕಾಲೇಜು, ಹಾಸ್ಟೆಲ್ಲಿನ ಫೀ ಎಲ್ಲ ಕಿಲೋಗೆ ಇಷ್ಟು ರೂಪಾಯಿಯಂತೆ ಆ ಕಲ್ಲಿನಿಂದಲೇ ಉದುರಿದ್ದು.

ಈಗ ನಾನು ಅಧ್ಯಯನ ಮಾಡುತ್ತಿರುವುದು ಬೀಸುಕಲ್ಲಿನ ಪದಗಳನ್ನು. ಆ ಪದಗಳು ಹೋದದ್ದೇಕೆ ಎಂದು ಯಾವ ಜಾನಪದ ವಿದ್ವಾಂಸರನ್ನು ಕೇಳಿದರೂ ಸಿಗುವ ಉತ್ತರ ಒಂದೇ: ಗಿರಣಿ ಬಂತು. ಅಂದರೆ ನನ್ನನ್ನು ಓದಿಸಿದ್ದು ಯಾವುದೋ, ನಾನು ಓದುತ್ತಿರುವುದನ್ನು ನಿಲ್ಲಿಸಿದ್ದೂ ಅದೇ. ಸಂಶೋಧನೆಯ ಮೊದಲ ವರ್ಷದಿಂದ ಈ ಮಾತು ನನ್ನ ಬೆನ್ನಿಗಿದೆ. ಯಂತ್ರ ಬಂದಾಗ ಹಾಡಿಗೆ ನಿಜಕ್ಕೂ ಏನಾಗುತ್ತದೆ ಎಂಬ ಪ್ರಶ್ನೆ ಹಿಡಿದುಕೊಂಡೇ ನಾನು ಆ ದೂರದೇಶದ ಗದ್ದಲದ ಚರಿತ್ರೆ ಓದತೊಡಗಿದ್ದು.

ಆ ಚರಿತ್ರೆ ಥ್ರಾಬಿಂಗ್ ಗ್ರಿಸಲ್‌ಗಿಂತ ಹಳೆಯದು. ಇಟಲಿಯ ಚಿತ್ರಕಾರ ಲುಯಿಜಿ ರುಸೊಲೊ 1913ರಲ್ಲಿ 'ಸದ್ದುಗಳ ಕಲೆ' ಎಂಬ ಪ್ರಣಾಳಿಕೆ ಬರೆದ. ಯಂತ್ರಗಳು ಬಂದ ಮೇಲೆ ನಮ್ಮ ಕಿವಿ ಬದಲಾಗಿದೆ, ಪಿಟೀಲು ಕೊಳಲುಗಳಿಗಷ್ಟೇ ಸಂಗೀತ ಕಟ್ಟಿಹಾಕಿಕೊಂಡಿರಬಾರದು ಎಂಬುದು ಅವನ ವಾದ. ಗುಡುಗುವ, ಸಿಳ್ಳು ಹಾಕುವ, ಕೆರೆಯುವ ಸದ್ದು ಮಾಡಲು ಅವನು ಮರದ ಪೆಟ್ಟಿಗೆಗಳಿಗೆ ಕಹಳೆ ಕೂಡಿಸಿ ವಾದ್ಯಗಳನ್ನೇ ತಯಾರಿಸಿದ. 1922ರ ನವೆಂಬರ್ 7ರಂದು, ರಷ್ಯಾದ ಕ್ರಾಂತಿಯ ಐದನೆಯ ವರ್ಷಾಚರಣೆಗೆ, ಆರ್ಸೆನಿ ಅವ್ರಾಮೊವ್ ಎಂಬಾತ ಬಾಕು ಪಟ್ಟಣವನ್ನೇ ವಾದ್ಯ ಮಾಡಿದ. ಕಾರ್ಖಾನೆಗಳ ಸೈರನ್ನು, ಹಡಗುಗಳ ಭೋಂಗಾ, ರೈಲು ಇಂಜಿನ್ನುಗಳ ಸೀಟಿ, ತೋಪುಗಳ ಸದ್ದು ಎಲ್ಲವನ್ನೂ ಬಾವುಟ ಬೀಸಿ ನಡೆಸಿದ. 1948ರಲ್ಲಿ ಪ್ಯಾರಿಸ್ಸಿನಲ್ಲಿ ಪಿಯೆರ್ ಶೆಫರ್ ರೈಲು ಇಂಜಿನ್ನುಗಳ ಸದ್ದನ್ನು ಮುದ್ರಿಸಿಕೊಂಡು, ಅದನ್ನೇ ಕತ್ತರಿಸಿ ಜೋಡಿಸಿ ಒಂದು ಕೃತಿ ರಚಿಸಿದ.

ಇವರೆಲ್ಲರೂ ಯಂತ್ರವನ್ನು ಹೊರಗಿನಿಂದ ಕೇಳಿದವರು. ಒಳಗಿದ್ದವರ ಕತೆ ಬೇರೆ. ಎರಡನೆಯ ಮಹಾಯುದ್ಧದ ಕಾಲಕ್ಕೆ, 1940ರ ಜೂನ್ 23ರಿಂದ, ಬಿಬಿಸಿ 'ಮ್ಯೂಸಿಕ್ ವೈಲ್ ಯು ವರ್ಕ್' ಎಂಬ ಕಾರ್ಯಕ್ರಮ ಶುರು ಮಾಡಿತು. ಮದ್ದುಗುಂಡು, ವಿಮಾನದ ಭಾಗಗಳನ್ನು ಮಾಡುತ್ತಿದ್ದ ಕೆಲಸಗಾರರಿಗೆ ಬೇಸರ ಕಳೆಯಲಿ, ಕೈ ನಿಧಾನವಾಗದಿರಲಿ ಎಂಬುದು ಅದರ ಉದ್ದೇಶ. ತೀರ ನಿಧಾನದ ಹಾಡು ಬೇಡ, ಯಂತ್ರದ ಸದ್ದಿನಲ್ಲಿ ಮುಳುಗಿಹೋಗುವ ಹಾಡು ಬೇಡ ಎಂದು ಲೆಕ್ಕ ಹಾಕಿಯೇ ಹಾಡು ಆರಿಸುತ್ತಿದ್ದರು. 'ಡೀಪ್ ಇನ್ ದ ಹಾರ್ಟ್ ಆಫ್ ಟೆಕ್ಸಸ್' ಎಂಬ ಒಂದು ಹಾಡಿದೆ. ಅದರಲ್ಲಿ ಸಾಲಿನ ನಡುವೆ ನಾಲ್ಕು ಚಪ್ಪಾಳೆ ಬರುತ್ತದೆ. ಅದನ್ನು ಕೆಲಸದ ಹೊತ್ತಿನಲ್ಲಿ ಹಾಕಬಾರದೆಂದು ಬಿಬಿಸಿ ನಿಷೇಧಿಸಿತು. ಕಾರಣ, ಚಪ್ಪಾಳೆ ಬರುವ ಜಾಗದಲ್ಲಿ ಕೆಲಸಗಾರರು ಕೈಯಲ್ಲಿದ್ದ ಸ್ಪ್ಯಾನರಿನಿಂದ ಯಂತ್ರಕ್ಕೇ ಬಡಿಯುತ್ತಿದ್ದರು!

ಇದನ್ನು ಓದಿದಾಗ ನನಗೆ ನಗು ಬಂತು. ಕಬ್ಬಿಣಕ್ಕೆ ಕಬ್ಬಿಣ ಬಡಿದು ತಾಳ ಹಿಡಿದವರು ಮೊದಲು ಕೆಲಸಗಾರರೇ. ಅವರಿಗೆ ಯಾರೂ ಕಲಾವಿದರು ಎನ್ನಲಿಲ್ಲ, ಹಾಡನ್ನೇ ನಿಲ್ಲಿಸಿದರು. ಮೂರು ದಶಕ ಕಳೆದ ಮೇಲೆ ಅದೇ ಸದ್ದು ವೇದಿಕೆ ಹತ್ತಿತು. ಆ ಹೊತ್ತಿಗೆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದ್ದವು.

ಈ ಕೊನೆಯ ಮಾತು ಮುಖ್ಯ. ಕ್ಯಾಬರೆ ವೋಲ್ಟೇರ್ ತಂಡ ಹುಟ್ಟಿದ್ದು 1973ರಲ್ಲಿ, ಉಕ್ಕಿನ ಊರಾದ ಶೆಫೀಲ್ಡಿನಲ್ಲಿ. ಲೈಬಾಖ್ ತಂಡ ಹುಟ್ಟಿದ್ದು 1980ರಲ್ಲಿ, ಸ್ಲೊವೇನಿಯಾದ ಟ್ರಬೊವ್ಲೆ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ. ಅದೇ ವರ್ಷ ಪಶ್ಚಿಮ ಬರ್ಲಿನ್ನಿನಲ್ಲಿ ಹುಟ್ಟಿದ ಐನ್‌ಸ್ಟುರ್ಟ್ಸೆಂಡೆ ನೊಯ್‌ಬೌಟೆನ್ ಎಂಬ ತಂಡದ ಹೆಸರಿನ ಅರ್ಥವೇ 'ಕುಸಿಯುತ್ತಿರುವ ಹೊಸ ಕಟ್ಟಡಗಳು'. ಗುಜರಿ ತಗಡು, ಸ್ಪ್ರಿಂಗು, ಡ್ರಿಲ್ಲು ಅವರ ವಾದ್ಯಗಳು. 1984ರ ಜನವರಿಯಲ್ಲಿ ಲಂಡನ್ನಿನ ಸಭಾಂಗಣವೊಂದರಲ್ಲಿ ನಡೆದ ಕಾರ್ಯಕ್ರಮದಲ್ಲಿ ವೇದಿಕೆಯನ್ನೇ ಕೊರೆಯಲು ಹೋಗಿ ದೊಡ್ಡ ಗಲಾಟೆಯೇ ಆಯಿತು. ಲಂಡನ್ನಿನ ಟೆಸ್ಟ್ ಡಿಪಾರ್ಟ್‌ಮೆಂಟ್ ತಂಡದವರೂ ಗುಜರಿ ಕಬ್ಬಿಣ ಬಡಿಯುವವರೇ. 1984-85ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಮುಷ್ಕರ ವರ್ಷವಿಡೀ ನಡೆದಾಗ ಅವರು ಮುಷ್ಕರನಿರತ ಗಣಿ ಕಾರ್ಮಿಕರ ಗಾಯನ ತಂಡದ ಜೊತೆ ಸೇರಿ ಒಂದು ಧ್ವನಿಮುದ್ರಿಕೆ ತಂದರು. ಹೊರಗಿನಿಂದ ಕೇಳಿದವರು, ಒಳಗೆ ದುಡಿದವರು ಒಂದೇ ತಟ್ಟೆಯ ಮೇಲೆ ಸೇರಿದ ಅಪರೂಪದ ಗಳಿಗೆ ಅದು.

ಜನಪ್ರಿಯತೆ ಬಂದದ್ದು ಅದಾದ ಮೇಲೆ. ಡ್ರಮ್ ಮೆಷಿನ್ನು, ಸ್ಯಾಂಪ್ಲರುಗಳು ಅಗ್ಗವಾದವು. ಗದ್ದಲಕ್ಕೆ ಕುಣಿಯಬಲ್ಲ ಲಯ ಸಿಕ್ಕಿತು. ಅಮೆರಿಕದ ಶಿಕಾಗೋದಲ್ಲಿ ವ್ಯಾಕ್ಸ್ ಟ್ರ್ಯಾಕ್ಸ್ ಎಂಬ ರೆಕಾರ್ಡು ಅಂಗಡಿಯೇ ಕಂಪನಿಯಾಗಿ ಬೆಳೆದು ಈ ಬಗೆಯ ತಂಡಗಳನ್ನು ಕ್ಲಬ್ಬುಗಳಿಗೆ ಮುಟ್ಟಿಸಿತು. 1989ರಲ್ಲಿ ಟ್ರೆಂಟ್ ರೆಜ್ನರ್ ನೈನ್ ಇಂಚ್ ನೇಲ್ಸ್ ಹೆಸರಿನಲ್ಲಿ ಮೊದಲ ಆಲ್ಬಂ ತಂದ. 1994ರ 'ದ ಡೌನ್‌ವರ್ಡ್ ಸ್ಪೈರಲ್' ಅಮೆರಿಕದ ಮಾರಾಟದ ಪಟ್ಟಿಯಲ್ಲಿ ನೇರವಾಗಿ ಎರಡನೆಯ ಸ್ಥಾನಕ್ಕೆ ಬಂತು. ಅದರ ಕೊನೆಯ ಹಾಡು 'ಹರ್ಟ್' ಅನ್ನು 2002ರಲ್ಲಿ ಮುದುಕ ಜಾನಿ ಕ್ಯಾಶ್ ಹಾಡಿದ. ಯಂತ್ರದ ಗದ್ದಲವನ್ನೆಲ್ಲ ತೆಗೆದುಬಿಟ್ಟರೂ ಆ ಹಾಡು ನಿಂತಿತು. ಗದ್ದಲದ ಅಡಿಯಲ್ಲಿ ಒಬ್ಬ ಒಂಟಿ ಮನುಷ್ಯನ ಸಂಕಟವಿತ್ತೆಂದು ಬಹಳ ಜನಕ್ಕೆ ತಿಳಿದದ್ದು ಆಗಲೇ. ಈ ಸಂಗೀತ ಇಷ್ಟು ಜನಕ್ಕೆ ಹಿಡಿಸಲು ಅದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಯಂತ್ರದ ನಡುವೆ ಬದುಕುವವನಿಗೆ ತನ್ನ ದನಿ ತನಗೇ ಕೇಳದಂತಾಗುತ್ತದೆ. ಆ ಸ್ಥಿತಿಯನ್ನು ಈ ಸಂಗೀತ ವಿವರಿಸದೆ ನೇರವಾಗಿ ಕೇಳಿಸಿಬಿಡುತ್ತದೆ.

ನಮ್ಮ ವಿಜಯಪುರದಲ್ಲಿ ಇದಕ್ಕೊಂದು ಹಳೆಯ ಸಾಕ್ಷಿ ಇದೆ. ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಅದು ಹಾರಿದರೆ ಗೋಲಂದಾಜನ ಕಿವಿ ಒಡೆಯುತ್ತದೆಂದು ಅವನು ಬತ್ತಿ ಹಚ್ಚಿ ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದ ಎಂಬ ಕತೆಯನ್ನು ಇಲ್ಲಿನ ಪ್ರತಿ ಮಗುವೂ ಕೇಳಿರುತ್ತದೆ. ಈಗ ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದು ಅದನ್ನು ಬೆರಳಿನಿಂದ ತಟ್ಟುತ್ತಾರೆ. ಕಂಚಿನ ಮೈ ಗಂಟೆಯ ಹಾಗೆ ಸಣ್ಣಗೆ ಮೊಳಗುತ್ತದೆ. ಬೆಂಕಿ ಉಗುಳುವ ಕೆಲಸ ಇರುವವರೆಗೆ ಅದರಲ್ಲಿ ಸಂಗೀತ ಕೇಳುವ ವ್ಯವಧಾನ ಯಾರಿಗೂ ಇದ್ದಿರಲಾರದು. ಯಂತ್ರಕ್ಕೆ ಕೆಲಸ ತಪ್ಪಿದ ಮೇಲೆ ಅದು ವಾದ್ಯವಾಗುತ್ತದೆ. ಶೆಫೀಲ್ಡಿಗೂ ಶೆರ್ಜಾ ಬುರುಜಿಗೂ ಈ ಮಾತು ಒಂದೇ.

ನಾನು ದಿನಾ ಹೋಗುವ ದಾರಿಯೂ ಇಂಥದೇ. ತಿಕೋಟಾದಿಂದ ವಿಜಯಪುರದ ಕಡೆ ಬಂದರೆ ಊರು ಇನ್ನೂ ಕೆಲವು ಕಿಲೋಮೀಟರು ಇರುವಾಗ ತೊರವಿ. ಅಲ್ಲಿನ ಜ್ಞಾನಶಕ್ತಿ ಆವರಣದಲ್ಲಿ ನಮ್ಮ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಹತ್ತಿರದಲ್ಲೇ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಕಟ್ಟಿಸಲು ಹೊರಟಿದ್ದ ನವರಸಪುರದ ಅವಶೇಷ, ಸಂಗೀತ ಮಹಲು. ಸಂಗೀತಕ್ಕಾಗಿ ಊರೊಂದನ್ನೇ ಕಟ್ಟಹೊರಟ ಅರಸನ ಮಹಲು ಅಲ್ಲಿದೆ. ಅವನ ಊರಿಗೆ ಜೋಳ ಬೀಸಿದ ಹೆಂಗಸರ ಪದಗಳಿಗೆ ಮಹಲು ಇಲ್ಲ.

ಆ ಪದಗಳಿಗೆ ಒಂದು ಪುಸ್ತಕ ಸಿಕ್ಕಿದ್ದು 1931ರಲ್ಲಿ. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಮನೆಮನೆ ತಿರುಗಿ, ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು 'ಗರತಿಯ ಹಾಡು' ಸಂಕಲನ ಹೊರತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣನವರು ಆ ಬಳಗದವರು. ಕನ್ನಡ ಜಾನಪದ ಅಧ್ಯಯನಕ್ಕೆ ಅದು ಬುನಾದಿ. ನನ್ನ ಟೇಬಲ್ಲಿನ ಮೇಲೆ ಸದಾ ಇರುವ ಪುಸ್ತಕ. ಆ ಗದ್ದಲದ ಸಂಗೀತ ಕೇಳಿದ ಮೇಲೆ ಅದನ್ನು ಮತ್ತೆ ತೆರೆದಾಗ ಒಂದು ವಿಷಯ ಹೊಳೆಯಿತು. ಪುಟಗಳಲ್ಲಿ ಮಾತು ಇದೆ, ತ್ರಿಪದಿಯ ಮೂರು ಸಾಲು ಇದೆ, ಕಲ್ಲು ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ, ಪೆನ್ನು ಕಾಗದದಿಂದ ಕಲ್ಲಿನ ಸದ್ದು ಬರೆದುಕೊಳ್ಳುವುದು ಹೇಗೆ? ಹಾಡಿದವಳಿಗೆ ಮಾತ್ರ ಕಲ್ಲು ತಂಬೂರಿಯಾಗಿತ್ತು. ಅದರ ಗರಗರ ಶ್ರುತಿಯ ಮೇಲೆ ಅವಳ ದನಿ ಕೂತಿರುತ್ತಿತ್ತು. ನಾವು ದನಿಯನ್ನು ಎತ್ತಿಕೊಂಡು ಬಂದೆವು. ಇಂಡಸ್ಟ್ರಿಯಲ್ ಸಂಗೀತದವರು ತದ್ವಿರುದ್ಧ ಮಾಡಿದರು, ಕಲ್ಲನ್ನು ಎತ್ತಿಕೊಂಡು ಹೋದರು.

ಇದು ಬರಿಯ ಊಹೆಯಲ್ಲ ಎಂದು ನನಗೆ ತೋರಿಸಿಕೊಟ್ಟವಳು ನನ್ನ ಅಜ್ಜಿ, ಅಪ್ಪನ ತಾಯಿ. ಸಂಶೋಧನೆಗೆ ಸೇರಿದ ಹೊಸದರಲ್ಲಿ ಫೋನು ಮುಂದಿಟ್ಟು "ಅಮ್ಮಾ, ಬೀಸೂ ಪದಾ ಹಾಡು" ಅಂದರೆ ಎರಡು ಸಾಲಿಗೆ ನಿಂತುಬಿಡುತ್ತಿದ್ದಳು. "ಮುಂದಿಂದು ಕೈಯಾಗ ಐತಿ, ಬಾಯಾಗ ಇಲ್ಲ" ಅಂದಳು ಒಂದು ಸಲ. ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲನ್ನು ತೊಳೆದು, ಹೊಸ ಗೂಟ ಬಡಿದು ಪಡಸಾಲೆಗೆ ತಂದಿಟ್ಟೆವು. ಒಂದು ಹಿಡಿ ಜೋಳ ಹಾಕಿ ಕಲ್ಲು ತಿರುಗಿಸಿದ್ದೇ ತಡ, ಪದ ತಾನಾಗಿ ಬಂತು. ಒಂದಾದ ಮೇಲೆ ಒಂದು, ಇಪ್ಪತ್ತಕ್ಕೂ ಹೆಚ್ಚು ಪದ. ಸಾಲು ಮುಗಿದು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅವಳ ಎಡಗೈ ಕಲ್ಲಿನ ಬಾಯಿಗೆ ಕಾಳು ಹಾಕುತ್ತಿತ್ತು. ಮುದ್ರಿತ ಪುಸ್ತಕದಲ್ಲಿ ಅಲ್ಲಿ ಬರಿ ಒಂದು ಅಲ್ಪವಿರಾಮ ಇರುತ್ತದೆ.

ಪದಗಳು ಹೋದವಲ್ಲ ಎಂದು ನಾನು ಹಳಹಳಿಸಿದಾಗ ಅವಳು ಒಪ್ಪಲಿಲ್ಲ. "ಪದಾ ಹೋದ್ವಂತ ನಿನಗ ಕೆಟ್ಟನಸ್ತೈತಿ. ದಿನಾ ನಸಿಕಿನ್ಯಾಗ ಎದ್ದು ಮನಿಮಂದಿಗೆಲ್ಲಾ ಬೀಸಿದ್ದರ ಗೊತ್ತಾಗ್ತಿತ್ತು. ನಿಮ್ಮಜ್ಜ ಗಿರಣಿ ಹಾಕಿದ ದಿನಾ ನನ್ನ ಭುಜಾ ಉಳೀತು" ಅಂದಳು. ಗಿರಣಿ ಬಂದು ಹಾಡು ಸತ್ತಿತು ಎಂಬ ನಮ್ಮ ಪಠ್ಯದ ಸಾಲಿನಲ್ಲಿ ಈ ಭುಜ ಇಲ್ಲ. ಹಾಡು ನೋವಿಗೆ ಮದ್ದಾಗಿತ್ತು. ನೋವು ಹೋದ ಮೇಲೆ ಮದ್ದು ಕುಡಿಯಬೇಕೆಂದು ಯಾರಿಗೂ ಒತ್ತಾಯ ಮಾಡುವಂತಿಲ್ಲ. ಅಜ್ಜಿ ಹೋಗಿ ಮೂರು ವರ್ಷವಾಯಿತು. ಆ ಮುದ್ರಿಕೆ ನನ್ನ ಬಳಿ ಇದೆ.

ಆದರೆ ಆ ನೋವು ಮನೆಬಿಟ್ಟು ಹೋಗಲಿಲ್ಲ, ಅವಳ ಭುಜದಿಂದ ಅವಳ ಮಗನ ಕಿವಿಗೆ ಬಂತು. ಅಪ್ಪ ನಲವತ್ತು ವರ್ಷ ಗಿರಣಿಯ ಮುಂದೆ ನಿಂತಿದ್ದಾನೆ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ಆರೋಗ್ಯ ತಜ್ಞರು ಹಾಕಿರುವ ಮಿತಿ ದಿನಕ್ಕೆ 8 ಗಂಟೆ, 85 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯಬೇಕು. ಹಿಟ್ಟಿನ ಗಿರಣಿಯೊಳಗೆ ನಿಂತು ಪಕ್ಕದವರಿಗೆ ಮಾತು ಕೇಳಿಸಬೇಕೆಂದರೆ ಕೂಗಬೇಕು, ಅಷ್ಟು ಸಾಕು ಲೆಕ್ಕಕ್ಕೆ. ಕಳೆದ ವರ್ಷ ಕಿವಿ ಪರೀಕ್ಷೆ ಮಾಡಿಸಿದಾಗ ಬಂದ ನಕ್ಷೆಯಲ್ಲಿ ಗೆರೆ 4000 ಹರ್ಟ್ಸಿನ ಹತ್ತಿರ ಹಳ್ಳಕ್ಕೆ ಬಿದ್ದಿತ್ತು. ಗದ್ದಲದಿಂದ ಹಾಳಾದ ಕಿವಿಯ ಗುರುತೇ ಅದು. ದಪ್ಪ ದನಿ ಕೇಳುತ್ತದೆ, ಸ್ವರಗಳು ಕೇಳುತ್ತವೆ. ಸ, ಶ, ತ, ಕ ಇಂಥ ವ್ಯಂಜನಗಳು ಜಾರಿಹೋಗುತ್ತವೆ. ಹೆಣ್ಣುಮಕ್ಕಳ, ಮಕ್ಕಳ ಮಾತು ಕಷ್ಟ.

ಅಜ್ಜಿಯ ಮುದ್ರಿಕೆಯನ್ನು ಅಪ್ಪನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದ. "ಕಲ್ಲ ಛಲೋ ಕೇಳ್ತೈತಿ. ಅವ್ವ ಅನ್ನೂದೂ ತಿಳೀತೈತಿ. ಏನಂತಾಳ ತಿಳಿಯಂಗಿಲ್ಲ" ಅಂದ. ಪುಸ್ತಕದಲ್ಲಿ ಕಲ್ಲಿಲ್ಲದ ಮಾತು, ಅಪ್ಪನ ಕಿವಿಯಲ್ಲಿ ಮಾತಿಲ್ಲದ ಕಲ್ಲು. ನಾನು ಆ ಪದಗಳನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಕಾಗದ ಕೈಯಲ್ಲಿ ಹಿಡಿದು, ಬೆರಳು ಸಾಲಿನ ಮೇಲಿಟ್ಟು ಮತ್ತೊಮ್ಮೆ ಕೇಳಿದ. ಅವತ್ತು ಗಿರಣಿ ಅರ್ಧ ತಾಸು ತಡವಾಗಿ ಶುರುವಾಯಿತು.

ಕಿವಿ ಮುಚ್ಚುವ ಪ್ಯಾಡು ತಂದುಕೊಟ್ಟರೆ ಅಪ್ಪ ಹಾಕಿಕೊಳ್ಳುವುದಿಲ್ಲ. ಅವನ ಕಾರಣ ತೆಗೆದುಹಾಕುವಂಥದಲ್ಲ. ಕಾಳು ಮುಗಿದು ಕಲ್ಲಿಗೆ ಕಲ್ಲು ತಾಗುವ ಮುಂಚೆ ಸದ್ದು ತೆಳ್ಳಗಾಗುತ್ತದೆ, ಆಗ ಮೇಲಿನ ಕಲ್ಲು ಎತ್ತಬೇಕು. ಕಲ್ಲು ಸವೆದು ಟಾಕು ಹಾಕುವ ಹೊತ್ತು ಬಂದರೆ ಸದ್ದು ಮಂಕಾಗುತ್ತದೆ. ಪಟ್ಟಾ ಸಡಿಲಾದರೆ ಬೇರೆ, ಬೇರಿಂಗ್ ಹೋದರೆ ಬೇರೆ. ಹಿಟ್ಟು ನುಣ್ಣಗೋ ತರಿಯೋ ಎಂದು ಮುಟ್ಟುವ ಮೊದಲೇ ಕೇಳಿ ಹೇಳುತ್ತಾನೆ. ರುಸೊಲೊ ಸದ್ದುಗಳನ್ನು ಆರು ಬಗೆಯಾಗಿ ವಿಂಗಡಿಸಿದ್ದ. ಅಪ್ಪನ ಪಟ್ಟಿ ಅದಕ್ಕಿಂತ ಉದ್ದವಿದೆ. ಯಂತ್ರವನ್ನು ಸಂಗೀತದ ಹಾಗೆ ಕೇಳಬಲ್ಲ ಕಿವಿ ಯಾರದೋ, ಯಂತ್ರ ತಿಂದದ್ದೂ ಅವನ ಕಿವಿಯನ್ನೇ. ಈ ಸಂಗೀತದ ಯಾವ ಚರಿತ್ರೆಯಲ್ಲೂ ನಾನು ಓದಬಯಸಿದ ಅಧ್ಯಾಯ ಇದು.

ನಮ್ಮ ಕಡೆಯ ಇವತ್ತಿನ ಸದ್ದು ಬೇರೆ. ಚಳಿಗಾಲ ಬಂದರೆ ಬಬಲೇಶ್ವರ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಹೇರಿಕೊಂಡು ಟ್ರ್ಯಾಕ್ಟರುಗಳು ಸಾಲು ಹಿಡಿಯುತ್ತವೆ. ಒಂದೊಂದರಲ್ಲೂ ಸ್ಪೀಕರ್ ಪೆಟ್ಟಿಗೆ, ಅದರಲ್ಲಿ ಡಿಜೆ ಜಾನಪದ. ಹಾಡಿನ ನಾಯಕ ಬಹಳ ಸಲ ಟ್ರ್ಯಾಕ್ಟರಿನ ಡ್ರೈವರನೇ. ಇಂಜಿನ್ನಿನ ಸದ್ದನ್ನು ಮೀರಿ ಕೇಳಬೇಕಾದ್ದರಿಂದ ಕೆಳಗೆ ದಪ್ಪ ಬೇಸು, ಮೇಲೆ ಚೂಪಾದ ಕೀಬೋರ್ಡು. ಅದನ್ನು ಜಾನಪದ ಎನ್ನಬಾರದು ಎಂಬ ವಾದವನ್ನು ಸೆಮಿನಾರುಗಳಲ್ಲಿ ಕೇಳಿದ್ದೇನೆ. ಅದರಲ್ಲಿ ಎಷ್ಟೋ ಹಾಡುಗಳು ಹೆಣ್ಣಿನ ಬಗ್ಗೆ ಆಡುವ ಮಾತು ನನಗೂ ಹಿಡಿಸುವುದಿಲ್ಲ. ಆದರೂ ರಾತ್ರಿಯಿಡೀ ಕಾರ್ಖಾನೆಯ ಗೇಟಿನ ಮುಂದೆ ಪಾಳಿಗೆ ಕಾಯುವ ಹುಡುಗ ನಿದ್ದೆ ಬರದಿರಲೆಂದು ಹಾಕಿಕೊಂಡ ಹಾಡು ಅದು. ಕೆಲಸ, ಯಂತ್ರ, ಅದರ ಸದ್ದಿನ ಮೇಲೆ ಒಂದು ದನಿ. ನಸುಕಿನಲ್ಲಿ ಅಜ್ಜಿ ಮಾಡುತ್ತಿದ್ದುದೂ ಇದನ್ನೇ. ಸ್ಪ್ಯಾನರು ಬಡಿದವರು ಮಾಡಿದ್ದೂ ಇದನ್ನೇ.

ಹಾಗಾಗಿ ಪ್ರಬಂಧದ ಮೂರನೆಯ ಅಧ್ಯಾಯವನ್ನು ಬದಲಿಸಿ ಬರೆಯುತ್ತಿದ್ದೇನೆ. ಪ್ರತಿ ಪದದ ಜೊತೆ ಅದನ್ನು ಹಾಡುವಾಗ ಕಲ್ಲು ಎಲ್ಲಿ ನಿಧಾನವಾಯಿತು, ಕಾಳು ಎಲ್ಲಿ ಬಿತ್ತು ಎಂಬುದನ್ನೂ ಗುರುತು ಹಾಕುತ್ತಿದ್ದೇನೆ. ಮಾರ್ಗದರ್ಶಕರು ಒಪ್ಪಿದ್ದಾರೆ, ಆದರೆ ಗುರುತುಗಳ ವಿವರಣೆ ಸರಿಯಾಗಿ ಕೊಡು ಎಂದಿದ್ದಾರೆ. ಅದಕ್ಕೆ ಅಪ್ಪನ ನೆರವು ತೆಗೆದುಕೊಂಡೆ. ಕಲ್ಲಿನ ಸದ್ದು ಕೇಳಿ ಎಲ್ಲಿ ಕಾಳು ತುಂಬಿತ್ತು, ಎಲ್ಲಿ ಖಾಲಿಯಾಗುತ್ತ ಬಂತು ಎಂದು ಅವನೇ ಹೇಳಿದ್ದು. ನಾನು ಬರೆದುಕೊಂಡೆ.

ಕೊನೆಗೆ, ಗೆಳತಿ ಕಳಿಸಿದ್ದ ಬರ್ಲಿನ್ನಿನ ತಂಡದ ಹಾಡನ್ನೂ ಅವನಿಗೆ ಕೇಳಿಸಿದೆ. ಪೂರ್ತಿ ಕೇಳಿದ. ಹೇಗಿದೆ ಅಂದೆ. "ಮಷಿನ್ ಭಾಳ ದಿನದಿಂದ ಖಾಲಿ ಹೊಡ್ಯಾಕ್ಹತ್ತೈತಿ" ಅಂದ ಅಪ್ಪ, "ಯಾರರ ಕಾಳ ಹಾಕ್ರಿ ಅನ್ನು."